ನಾಲಾ ಸೇತುವೆಯ ಸೈಕಲ್ ಎಣಿಕೆ

ಮೂರು ದಿನ ಶೇವಂತಾ ನಾಲಾ ಸೇತುವೆಯ ಮೂಲೆಯಲ್ಲಿ ನಿಂತಳು. ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ. ಕೈಯಲ್ಲಿ ರಟ್ಟು. ರಟ್ಟಿಗೆ ಸಿಕ್ಕಿಸಿದ ಹಾಳೆ. ದಾರಕ್ಕೆ ಕಟ್ಟಿದ ಪೆನ್ನು. ಒಂದು ಸೈಕಲ್ ಹೋದರೆ ಒಂದು ಗೀಟು. ನಾಲ್ಕು ಗೀಟು ಆದಮೇಲೆ ಐದನೆಯದು ಅಡ್ಡ. ಪಕ್ಕದಲ್ಲಿ ಕೌಸಾಬಾಯಿ. ಅವಳಿಗೆ ಬರೆಯಲು ಬಾರದು, ಕಣ್ಣು ಮಾತ್ರ ಹದ್ದಿನದು. ಆಚೆ ಬದಿಯಿಂದ ಬರುವವರನ್ನು ಅವಳು ಕೂಗಿ ಹೇಳುತ್ತಿದ್ದಳು.

"ಬಂದ. ಮತ್ತೊಬ್ಬ ಬಂದ. ಇಬ್ಬರು ಒಂದರ ಮ್ಯಾಲ ಬಂದ್ರು, ಒಂದ ಹಾಕು. ಹಾಲಿನಾಂವ ಬಂದ. ಏ, ನಮ್ಮ ಗೋಂಡ್ಯಾ ಬಂದ. ಹಾಕು, ಅವನೂ ಮನುಷ್ಯಾನ."

ಗೋಂಡ್ಯಾ ಪೆಡಲ್ ತುಳಿಯುತ್ತಲೇ ಒಂದು ಬೈಗುಳ ಎಸೆದು ಹೋದ. ಇಬ್ಬರೂ ನಕ್ಕರು.

ಸೇತುವೆಯ ಕೆಳಗೆ ನಾಲೆ. ನಗರದ ಹೊಲಸೆಲ್ಲ ಅದರಲ್ಲಿ. ಮೊದಲು ಈ ಮೂಲೆಗೆ ರಸ್ತೆ ಕಚೇರಿಯವರು ಕಾಲೇಜು ಹುಡುಗರನ್ನು ಹಾಕಿದ್ದರು. ಅವರು ಅರ್ಧ ದಿನ ನಿಂತು, ಮೂಗು ಮುಚ್ಚಿಕೊಂಡು ಓಡಿಹೋದರು. ಆಮೇಲೆ ನಾಗಸೇನ ವಸತಿ ಎಂಬ ಕೇರಿಯ ಹೆಂಗಸರ ನೆನಪಾಯಿತು. ನಾಲೆಯ ದಂಡೆಯಲ್ಲೇ ಹುಟ್ಟಿದವರಿಗೆ ವಾಸನೆ ಎಲ್ಲಿಯದು?

ಅಲ್ಲಿ ಹೆಂಗಸರು ಉಚ್ಚೆಗೆ ಹೋಗುವ ಜಾಗವಿಲ್ಲ. ಮೊದಲ ದಿನ ಮಧ್ಯಾಹ್ನಕ್ಕೆ ಶೇವಂತಾಳ ಕಿಬ್ಬೊಟ್ಟೆ ಕಲ್ಲಾಯಿತು. ಕೊನೆಗೆ ಕಂಬದ ಹಿಂದೆ ಕುಳಿತಳು. ಕೌಸಾ ಸೆರಗನ್ನು ಅಡ್ಡ ಹಿಡಿದು, ರಸ್ತೆಯ ಕಡೆ ಮುಖ ಮಾಡಿ, ಬೆರಳು ಮಡಚುತ್ತ ಎಣಿಸಿದಳು. ಕಾರೊಂದು ನಿಧಾನವಾಯಿತು. ಕಿಟಕಿ ಇಳಿಯಿತು. "ಥೂ, ಪ್ರಾಣಿಗಳು," ಅಂದಿತು ಒಳಗಿನ ದನಿ. ಕಿಟಕಿ ಏರಿತು. ಎರಡನೆಯ ದಿನದಿಂದ ಇಬ್ಬರೂ ನೀರು ಕುಡಿಯುವುದನ್ನು ಬಿಟ್ಟರು.

ಮೂರನೆಯ ದಿನ ಶೇವಂತಾ ಕೂಡಿಸಿದಳು. ಮೂರು ಸಲ ಕೂಡಿಸಿದಳು. ನಾಲ್ಕು ಸಾವಿರದ ಮುನ್ನೂರ ಎಂಬತ್ತಾರು.

"ಇಷ್ಟು ಮಂದಿ ಇದ್ದೀವೇನ ನಾವು?" ಅಂದಳು ಕೌಸಾ. ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಇಬ್ಬರೂ ಕಾರ್ಖಾನೆಗಳ ಸಾಲಿನ ಎರಕದ ಮನೆಯೊಂದರಲ್ಲಿ ದುಡಿಯುವವರು. ಎರಕದಿಂದ ಹೊರಬಂದ ಬಿಸಿ ಕಬ್ಬಿಣದ ತುಂಡುಗಳನ್ನು ಉಳಿ ಹಿಡಿದು ಕೆರೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು. ಉಗುಳಿದರೆ ಕಪ್ಪು. ಅಂಗೈಯಲ್ಲಿ ಕಬ್ಬಿಣದ ಸಿಬಿರು. ವಸತಿಯಿಂದ ಅಲ್ಲಿಗೆ ಒಂಬತ್ತು ಕಿಲೋಮೀಟರು. ಆರಕ್ಕೆ ಪಾಳಿ, ಆರೂವರೆಗೆ ಮೊದಲ ಬಸ್ಸು. ಹಾಗಾಗಿ ಸೈಕಲ್ಲು. ಶೇವಂತಾ ಕಾಸೆ ಸೀರೆ ಬಿಗಿದು ಗಂಡನ ಸೈಕಲ್ ಹತ್ತಿದ್ದು ನಾಲ್ಕು ವರ್ಷದ ಹಿಂದೆ. ಅದೇ ವರ್ಷ ಇದೇ ಸೇತುವೆಯ ಮೇಲೆ ನೀರಿನ ಟ್ಯಾಂಕರೊಂದು ಅವಳ ಗಂಡ ಬಬನ್‌ನ ಬಲಗಾಲನ್ನು ಮೊಣಕಾಲಿನವರೆಗೆ ಅರೆದು ಹೋಗಿತ್ತು. ಸೈಕಲ್ಲಿಗೆ ಏನೂ ಆಗಿರಲಿಲ್ಲ.

ಎಣಿಕೆಗೆ ಅವರನ್ನು ಕರೆದವನು ಪ್ರಬುದ್ಧ ಓವ್ಹಾಳ. ರಸ್ತೆ ಕಚೇರಿಯ ಕಿರಿಯ ಇಂಜಿನಿಯರ್. ಅದೇ ವಸತಿಯ ನಾಲ್ಕನೆಯ ಗಲ್ಲಿಯಲ್ಲಿ ಹುಟ್ಟಿದವನು. ಅಪ್ಪ ಬೇಗ ಸತ್ತ. ಅವ್ವ ಹೌಸಾಬಾಯಿ ನಾಲ್ಕು ಮನೆಯ ಮುಸುರೆ ತಿಕ್ಕಿ ಓದಿಸಿದಳು. ಹತ್ತನೆಯ ತರಗತಿ ಮುಗಿಯುವವರೆಗೆ ಅವನನ್ನು ದಿನಾ ಸೈಕಲ್ ಮೇಲೆ ಶಾಲೆಗೆ ಬಿಟ್ಟುಬರುತ್ತಿದ್ದವನು ಬಬನ್. ಈಗ ವಸತಿ ಅವನನ್ನು ಸಾಹೇಬ ಅನ್ನುತ್ತಿತ್ತು. ಶೇವಂತಾ ಮಾತ್ರ ಪಬು ಅನ್ನುತ್ತಿದ್ದಳು.

"ಅಕ್ಕ, ಹೊರದೇಶದ ಬ್ಯಾಂಕು ರೊಕ್ಕ ಕೊಡ್ತೈತಿ," ಅಂದಿದ್ದ ಅವನು. "ನಡುವ ಬಸ್ಸಿಗೆ ಒಂದು ಪ್ರತ್ಯೇಕ ದಾರಿ. ಎರಡೂ ಬಾಜೂಕ ಸೈಕಲ್ ದಾರಿ. ಬರೇ ಬಸ್ಸಿನ ದಾರಿ ಮಾಡ್ತೀವಂದ್ರ ಅವರು ಕೊಡೂದುಲ್ಲ. ಸೈಕಲ್ ಮಂದಿ ಭಾಳ ಅದಾರ ಅಂತ ತೋರಿಸಬೇಕು."

"ಅದಾರಲ್ಲೋ. ಕಣ್ಣಿಗೆ ಕಾಣೂದುಲ್ಲೇನು ಅವರಿಗೆ?"

"ಕಾಗದದ ಮ್ಯಾಲ ಕಾಣಬೇಕಕ್ಕ."

ಮೂರು ದಿನದ ರಜೆಗೆ ಎರಕದ ಮನೆಯ ಗುತ್ತಿಗೆದಾರ ಒಂದು ವಾರದ ಕೆಲಸ ಕಿತ್ತುಕೊಂಡ. ಹೋಗಲಿ ಅಂದಳು ಶೇವಂತಾ. ಎಣಿಕೆಯ ಹಾಳೆಗಳನ್ನು ಒಯ್ಯಲು ಪ್ರಬುದ್ಧ ಮನೆಗೇ ಬಂದ. ಅವಳು ಭಾಕರಿ, ಝುಣಕಾ ಬಡಿಸಿದಳು. ತಿಂದು ಕೈತೊಳೆದು ಅವನು ಚೀಲದಿಂದ ಇನ್ನೊಂದಿಷ್ಟು ಹಾಳೆ ತೆಗೆದ. ಅಂಕಿ ತುಂಬಲು ಗೆರೆ ಎಳೆದು ಮನೆ ಮಾಡಿದ ಹಾಳೆಗಳು. ಆ ಮನೆಗಳೊಳಗೆ ಏನೂ ಬರೆದಿರಲಿಲ್ಲ.

"ಇದರ ಪ್ರತಿ ನಾಲ್ಕು ಕಡೆ ಹೋಗಬೇಕು. ನೀ ಕೆಳಗ ಸಹಿ ಹಾಕಿಬಿಡು. ಮ್ಯಾಲ ನಾ ನೋಡಿ ತುಂಬ್ತೀನಿ."

ಶೇವಂತಾ ಸೀರೆಗೆ ಕೈ ಒರೆಸಿಕೊಂಡು ಕುಳಿತಳು. ಸಂಜೆ ಶಾಲೆಯಲ್ಲಿ ಕಲಿತ ಸಹಿ. ಶೇವಂತಾ ಬಬನ್ ಲೋಂಢೆ. ಒಂದೊಂದು ಅಕ್ಷರವನ್ನೂ ತಿದ್ದಿ ಬರೆದಳು. ಏಳು ಹಾಳೆ.

"ಓದಿ ಹಾಕ," ಅಂದ ಬಬನ್ ಮೂಲೆಯಿಂದ.

"ಏನ್ ಓದ್ಲಿ? ಖಾಲಿ ಐತಿ."

"ಖಾಲಿ ಇದ್ರ ಹಾಕಬ್ಯಾಡ."

"ನಮ್ಮ ಪಬು ಅದಾನ, ಮುಚ್ಕೊಂಡು ಕುಂಡ್ರು," ಅಂದಳು ಅವಳು. ಪ್ರಬುದ್ಧ ನಕ್ಕ.

ತಿಂಗಳೆರಡರಲ್ಲಿ ಶಾಲೆಯ ಅಂಗಳದಲ್ಲಿ ಸಭೆಯಾಯಿತು. ಬ್ಯಾಂಕಿನವರು ಬಂದರು. ನೆಲದ ಮೇಲೆ ದೊಡ್ಡ ನಕಾಶೆ ಹಾಸಿದರು. ನಡುವೆ ಕೆಂಪು ಗೆರೆ ಬಸ್ಸಿಗೆ, ಎರಡೂ ಬದಿಗೆ ಹಸಿರು ಗೆರೆ ಸೈಕಲ್ಲಿಗೆ. ಪರದೇಶದ ಒಬ್ಬ ಹೆಂಗಸು ಶೇವಂತಾಳನ್ನೇ ಕರೆದು ಕೇಳಿದಳು. ದಾರಿ ಎಷ್ಟು ಅಗಲ ಬೇಕು? ಪ್ರಬುದ್ಧ ಅದನ್ನು ಅವಳ ಮಾತಿಗೆ ತಿರುಗಿಸಿದ. ಶೇವಂತಾ ಎರಡೂ ತೋಳು ಚಾಚಿದಳು. ಕೌಸಾಳನ್ನು ಪಕ್ಕಕ್ಕೆ ನಿಲ್ಲಿಸಿ ಅವಳ ತೋಳನ್ನೂ ಚಾಚಿಸಿದಳು. "ಇಷ್ಟು. ಇಬ್ಬರು ಮಾತಾಡ್ಕೊಂತ ಹೋಗಾಕ ಬರಬೇಕು." ಆ ಹೆಂಗಸು ನಕ್ಕು ಫೋಟೊ ತೆಗೆದುಕೊಂಡಳು. ಸೇತುವೆಯ ಮೂಲೆಯಲ್ಲಿ ರಟ್ಟು ಹಿಡಿಸಿ ಇನ್ನೊಂದು ತೆಗೆದಳು.

ರೊಕ್ಕ ಬಂತು. ವಸತಿಯ ಬುದ್ಧವಿಹಾರದಲ್ಲಿ ಪ್ರಬುದ್ಧನಿಗೆ ಹಾರ ಹಾಕಿದರು. ವಸತಿಗೆಲ್ಲ ಪೇಢೆ ಹಂಚಿದರು. ಅವನ ಅವ್ವ ಹೌಸಾಬಾಯಿ ಅತ್ತಳು.

ಆಮೇಲೆ ರಸ್ತೆ ಅಗೆದರು. ಒಂದೂವರೆ ವರ್ಷ ಆ ಧೂಳಿನಲ್ಲೇ ಜನ ಸೈಕಲ್ ತುಳಿದರು. ಕಲ್ಲು ಹೊತ್ತವರಲ್ಲಿ ವಸತಿಯವರೂ ಇದ್ದರು. ನಡುವೆ ಬಸ್ಸಿನ ದಾರಿ ಎದ್ದಿತು. ಅದರ ಎರಡೂ ಬದಿಗೆ ಎದೆಮಟ್ಟದ ಕಬ್ಬಿಣದ ಬೇಲಿ. ಬೇಲಿಯಾಚೆ ಕಾರಿಗೆ ಮೂರು ಸಾಲು. ಅದರಾಚೆ ನೇರ ಗೋಡೆ.

ಹಸಿರು ಗೆರೆ ಎಲ್ಲಿಯೂ ಇರಲಿಲ್ಲ.

"ಇನ್ನೂ ಮಾಡ್ತಾರ, ತಡಿ," ಅಂದಳು ಶೇವಂತಾ. ಬಣ್ಣ ಬಳಿದರು. ದೀಪ ಹಾಕಿದರು. ಕೊನೆಗೆ ಸೇತುವೆಯ ಬಾಯಲ್ಲಿ ದುಂಡನೆಯ ಫಲಕ ಬಂತು. ಒಳಗೆ ಸೈಕಲ್ ಚಿತ್ರ, ಮೇಲೆ ಕೆಂಪು ಗೀಟು. ಸೈಕಲ್ಲಿಗೆ ಪ್ರವೇಶವಿಲ್ಲ.

ಸೇತುವೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜನ ಅಲ್ಲೇ ಹೋದರು, ಗೋಡೆಗೆ ಭುಜ ಉಜ್ಜಿಕೊಂಡು. ಎಂಟನೆಯ ದಿನ ಕೌಸಾ ಬಿದ್ದಳು. ಹಿಂದಿನಿಂದ ಬಂದ ಡಂಪರ್ ಲಾರಿಯ ಕೊಕ್ಕೆಗೆ ಅವಳ ಸೆರಗು ಸಿಕ್ಕಿತು. ಹತ್ತು ಮಾರು ಎಳೆಯಿತು. ಬಲಗೈ ಎರಡು ಕಡೆ ಮುರಿಯಿತು. ಗೋಡೆಯ ಹೊಸ ಸುಣ್ಣದ ಮೇಲೆ ಅವಳ ಕೆನ್ನೆಯ ಚರ್ಮ ಉಳಿಯಿತು. ಶೇವಂತಾ ಅವಳನ್ನು ತಳ್ಳುಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಳು. ಕೈ ಸೊಟ್ಟಗೆ ಕೂಡಿತು. ಉಳಿ ಹಿಡಿಯಲು ಬಾರದ ಕೈ ಎರಕದ ಮನೆಗೆ ಬೇಡವಾಯಿತು.

ವಸತಿಯವರು ಅರವತ್ತು ಮಂದಿ ಕಚೇರಿಗೆ ಹೋದರು. ಮುಂದೆ ಶೇವಂತಾ. ಅವಳ ಪಕ್ಕ ಕೊರಳಿಗೆ ಕೈ ಕಟ್ಟಿಕೊಂಡ ಕೌಸಾ. ಪ್ರಬುದ್ಧ ಆ ದಿನ ರಜೆಯಲ್ಲಿದ್ದ. ಮೂರು ತಾಸು ಮೆಟ್ಟಿಲ ಮೇಲೆ ಕೂರಿಸಿ, ಆಮೇಲೆ ದೊಡ್ಡ ಸಾಹೇಬ ಒಳಗೆ ಕರೆದ.

"ಯಾಕೆ ಗಲಾಟೆ?"

"ಸೈಕಲ್ ದಾರಿ ಎಲ್ಲಿ ಸಾಹೇಬ್ರ?" ಅಂದಳು ಶೇವಂತಾ. "ನಮ್ಮ ಹೆಸರಲೇ ರೊಕ್ಕ ತಂದ್ರಿ."

ಸಾಹೇಬ ಸಿಟ್ಟಾಗಲಿಲ್ಲ. ಕಡತ ತರಿಸಿದ. ಕನ್ನಡಕ ಹಾಕಿಕೊಂಡ. "ನೋಡಿ, ಕೆಲಸ ಶುರು ಮಾಡುವ ಮುಂಚೆ ಮರು ಎಣಿಕೆ ಆಗಿದೆ. ನಾಲಾ ಸೇತುವೆ, ಮೂರು ದಿನಕ್ಕೆ ಸೇರಿ ನಾನೂರ ಮೂವತ್ತೆಂಟು ಸೈಕಲ್. ಇಷ್ಟಕ್ಕೆ ಅಲ್ಲಿ ಪ್ರತ್ಯೇಕ ದಾರಿ ಕೊಡಲು ನಿಯಮ ಇಲ್ಲ. ಆ ಪಾಲಿನ ಹಣವನ್ನು ನದಿದಂಡೆಗೆ ಹಾಕಿದ್ದೇವೆ. ಸುಂದರವಾದ ಸೈಕಲ್ ದಾರಿ. ನೀವೂ ಬನ್ನಿ."

"ಯಾರ್ ಎಣಿಸಿದ್ರು?" ಗೋಂಡ್ಯಾ ಹಿಂದಿನಿಂದ ಕೂಗಿದ. "ಯಾವ ಕುರುಡ ಎಣಿಸಿದ?"

ಸಾಹೇಬ ಹಾಳೆಯನ್ನು ತಿರುಗಿಸಿ ಮೇಜಿನ ಮೇಲೆ ತಳ್ಳಿದ. "ನಿಮ್ಮವರೇ. ಓದಿಕೊಳ್ಳಿ."

ಗೋಂಡ್ಯಾ ಬಗ್ಗಿ ಅಕ್ಷರ ಕೂಡಿಸಿ ಓದಿದ. ಶೇವಂತಾ. ಬಬನ್. ಲೋಂಢೆ.

ಸಹಿ ಅವಳದೇ. ತಿದ್ದಿ ತಿದ್ದಿ ಬರೆದದ್ದು. ಮೇಲಿನ ಅಂಕಿಗಳು ಬೇರೆಯ ಕೈಯವು.

ಅರವತ್ತು ಮಂದಿ ಅವಳನ್ನು ನೋಡಿದರು. "ಇದು ನಾ ಬರೆದಿದ್ದಲ್ಲ," ಅಂದಳು.

"ಸಹಿ ನಿಮ್ಮದಲ್ಲವಾ?"

"ಸಹಿ ನಂದ."

"ಮತ್ತೆ?" ಅಂದ ಸಾಹೇಬ. ಕಡತ ಮುಚ್ಚಿದ.

ಹೊರಗೆ ಮೆಟ್ಟಿಲ ಮೇಲೆ ಕೌಸಾ ಅವಳ ಎದುರು ನಿಂತಳು. ಕೆನ್ನೆಯ ಕಲೆ ಇನ್ನೂ ಕೆಂಪಗಿತ್ತು.

"ನಾ ಎಣಿಸಿದ್ದು ನಿನ್ನ ಜೋಡೀನ. ಎಷ್ಟಿದ್ದೂವು ನಂಗ ಗೊತ್ತೈತಿ. ನಂಗ ಬರಿಯಾಕ ಬರೂದುಲ್ಲ, ನಿಂಗ ಬರ್ತೈತಿ. ಅದಕ್ಕ ನಿನ್ನ ನಂಬಿದ್ನಿ."

"ಕೌಸೇ, ಖಾಲಿ ಹಾಳಿಗೆ ಹಾಕಿದ್ನಿ. ಪಬು ಕೇಳಿದ, ಹಾಕಿದ್ನಿ."

"ಯಾಕ ಹಾಕಿದಿ?"

ಕೌಸಾ ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಮರುದಿನದಿಂದ ನಲ್ಲಿಯ ಸರದಿಯಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಅವಳ ಕೊಡ ಮುಂದೆ ಬಂದರೆ ಹೆಂಗಸರು ಸುಮ್ಮನಾಗುತ್ತಿದ್ದರು. ಗೋಡೆಯಾಚೆ ಒಬ್ಬಳು ಅಂದದ್ದು ಕೇಳಿಸಿತು: "ಎಷ್ಟಕ್ಕ ಮಾರಿದ್ಲೋ ಏನೋ." ಶೇವಂತಾ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

"ಟ್ಯಾಂಕರ್‌ದವ ನನ್ನ ನೋಡಿರಲಿಲ್ಲ," ಅಂದ ಬಬನ್. "ನಿನ್ನ ಪಬು ನೋಡಿ ಹಾಯಿಸಿದ."

ಭಾನುವಾರ ಅವಳು ಪ್ರಬುದ್ಧನ ಹೊಸ ಮನೆಗೆ ಹೋದಳು. ನದಿಯಾಚೆ, ಐದನೆಯ ಮಹಡಿ. ಹೆಂಡತಿ ಬಾಗಿಲು ತೆರೆದು ಒಳಗೆ ಕರೆದಳು. ಚಹಾ ಕಾಗದದ ಲೋಟದಲ್ಲಿ ಬಂತು. ಪ್ರಬುದ್ಧನದು ಪಿಂಗಾಣಿಯಲ್ಲಿ. ಶೇವಂತಾ ಲೋಟವನ್ನು ಮುಟ್ಟಲಿಲ್ಲ.

"ಏಳು ಹಾಳಿ ತಗೊಂಡಿದ್ದಿ. ಯಾವುದರ ಮ್ಯಾಲ ಏನು ಬರದಿ, ಹೇಳು."

ಅವನು ಕಿಟಕಿಯ ಪರದೆ ಎಳೆದ. "ಅಕ್ಕ, ಮೆಲ್ಲಗ ಮಾತಾಡು. ನಾ ನಿಜ ತುಂಬಿ ಕೊಟ್ಟಿದ್ನಿ. ಮೊದಲನೇದು ನಿಂದ, ನಾಲ್ಕು ಸಾವಿರದ್ದು. ಅದರ ಮ್ಯಾಲೇ ರೊಕ್ಕ ಬಂತು. ಬಂದ ಮ್ಯಾಲ ಕಾರಿಗೆ ಮೂರು ಸಾಲು ಬೇಕಂತ ಮ್ಯಾಲಿನವರ ಹುಕುಂ ಬಂತು. ಜಾಗ ಎಲ್ಲಿಂದ ತರೂದು? ರಸ್ತೆ ನಕಾಶಿ ಮಾಡೋ ಸಲಹಾ ಕಂಪನಿಯವರು ಅಂಕಿ ಹೇಳಿದ್ರು. ಉಳಿದ ಹಾಳಿ ನನ್ನ ಕಪಾಟಿನ್ಯಾಗ ಇದ್ದೂವು."

"ರೊಕ್ಕ ತರಾಕ ಒಂದು ಅಂಕಿ. ರಸ್ತೆ ಮಾಡಾಕ ಒಂದು ಅಂಕಿ."

"ನಾ ಬ್ಯಾಡ ಅಂದಿದ್ರ ನನ್ನ ತಗದು ಬ್ಯಾರೆಯವನ್ನ ಹಾಕ್ತಿದ್ರು. ಮೀಸಲಾತಿಯಾಂವ, ಕೆಲಸ ಬರೂದುಲ್ಲ ಅಂತ ದಿನಾ ಅಂತಾರ ಅಲ್ಲಿ. ನಿಂಗ ಗೊತ್ತಿಲ್ಲ, ನಾ ಆ ಕುರ್ಚಿ ಮ್ಯಾಲ ಹೆಂಗ ಕುಂಡ್ರತೀನಿ ಅಂತ."

"ನಂಗ ಕೌಸಾನ ಕೈ ಹೆಂಗಾತು ಅಂತ ಗೊತ್ತೈತಿ."

ಅವನು ತಲೆ ತಗ್ಗಿಸಿದ. ಚಹಾ ಒಂದು ಗುಟುಕು ಕುಡಿದ. ದನಿ ಬದಲಾಗಿತ್ತು. "ಬರೋ ಶುಕ್ರವಾರ ನದಿದಂಡಿ ದಾರಿ ಉದ್ಘಾಟನೆ. ಮಂತ್ರಿಗಳು ಬರ್ತಾರ. ನಿನ್ನ ಹೆಸರು ಮೊದಲಿಗೈತಿ. ಹೊಸ ಸೈಕಲ್ ಕೊಡ್ತಾರ. ಅಲ್ಲೇ ಸೈಕಲ್ ಕಾಯೋ ಕೆಲಸಾನೂ ಐತಿ, ನಾ ಮಾತಾಡೀನಿ. ಉಳಿ ಹಿಡಿಯೂದು ತಪ್ತೈತಿ ನಿಂಗ."

ಶೇವಂತಾ ಎದ್ದಳು. "ಬರ್ತೀನಿ," ಅಂದಳು. ಅವನ ಮುಖ ಅರಳಿತು.

ಶುಕ್ರವಾರ ಮನೆಯ ಮುಂದೆ ಕಾರು ಬಂತು. ಕಾರ್ಯಕ್ರಮದ ಹಳದಿ ಅಂಗಿ ತಂದಿದ್ದರು. ಅವಳು ಅಂಗಿ ಹಾಕಿಕೊಳ್ಳಲಿಲ್ಲ. ಕಾಸೆ ಬಿಗಿದು, ಎರಕದ ಮನೆಯ ಕಪ್ಪು ಕಲೆಯ ಸೀರೆಯಲ್ಲೇ ಕಾರಿನಲ್ಲಿ ಕುಳಿತಳು. ವಸತಿಯ ಗಲ್ಲಿಯಲ್ಲಿ ಜನ ನೋಡಿದರು. ಯಾರೋ ಉಗುಳಿದರು.

ನದಿದಂಡೆಯ ದಾರಿ ಕೆಂಪಗೆ ನುಣ್ಣಗಿತ್ತು. ಒಂದು ಉದ್ಯಾನದಿಂದ ಹೊರಟು ಇನ್ನೊಂದು ಉದ್ಯಾನಕ್ಕೆ ಮುಗಿಯುತ್ತಿತ್ತು. ಕಮಾನಿನ ಮೇಲೆ ಅವಳ ಫೋಟೊ, ಮನೆಯಷ್ಟು ಎತ್ತರ. ರಟ್ಟು ಹಿಡಿದು ನಿಂತ ಶೇವಂತಾ. ಕೆಳಗೆ ಬರೆದಿತ್ತು: ಶ್ರಮಿಕರ ಸೈಕಲ್ ದಾರಿ. ಫೋಟೊದಲ್ಲಿ ನಾಲೆಯನ್ನು ಅಳಿಸಿ ಮರಗಳನ್ನು ಹಾಕಿದ್ದರು.

ಹೆಲ್ಮೆಟ್ಟಿನ ಜನ ಸಾಲಾಗಿ ನಿಂತಿದ್ದರು. ಅವಳಿಗೆ ಹೊಸ ಸೈಕಲ್ ಹಿಡಿಸಿದರು. ಪಕ್ಕದಲ್ಲಿ ಪ್ರಬುದ್ಧ, ವೇದಿಕೆಯಲ್ಲಿ ಮಂತ್ರಿ, ಅವರ ಹಿಂದೆ ದೊಡ್ಡ ಸಾಹೇಬ. ಟೀವಿಯ ಹುಡುಗಿ ಮೈಕು ಚಾಚಿದಳು.

"ಹೇಗನಿಸ್ತಿದೆ ತಾಯಿ?"

"ಈ ದಾರಿ ಎಲ್ಲಿಗೆ ಹೊಕ್ಕೈತಿ?" ಅಂದಳು ಶೇವಂತಾ.

ಹುಡುಗಿ ನಕ್ಕಳು. "ಉದ್ಯಾನಕ್ಕೆ."

"ಅಲ್ಲಿ ನನಗ ಕೆಲಸ ಇಲ್ಲ. ನಮ್ಮ ವಸತಿಯಾಗಿಂದ ಒಬ್ಬರೂ ಅಲ್ಲಿಗೆ ಹೋಗೂದುಲ್ಲ." ಅವಳು ಹೊಸ ಸೈಕಲ್ಲನ್ನು ಕೈಬಿಟ್ಟಳು. ಅದು ಕೆಂಪು ದಾರಿಗೆ ಅಡ್ಡ ಬಿದ್ದಿತು. ಹಿಂದಿನ ಸಾಲು ನಿಂತಿತು. "ನಾ ಎಣಿಸಿದ್ದು ನಾಲ್ಕು ಸಾವಿರದ ಮುನ್ನೂರ ಎಂಬತ್ತಾರು. ನಾಲಾ ಸೇತುವಿ ಮ್ಯಾಲ. ಉಚ್ಚಿ ತಡಕೊಂಡು ನಿಂತು ಎಣಿಸೀನಿ. ಇವರು ಅದನ್ನ ನಾನೂರ ಮೂವತ್ತೆಂಟು ಮಾಡಿ, ನನ್ನ ಸಹಿ ಹಾಕಿ, ನಮ್ಮ ದಾರಿ ತಂದು ಇಲ್ಲಿ ಹಾಕ್ಯಾರ. ಸಹಿ ನಂದು. ಖಾಲಿ ಹಾಳಿಗೆ ಹಾಕಿದ್ನಿ. ಅದು ನನ್ನ ತಪ್ಪು. ಅಂಕಿ ನಂದಲ್ಲ."

"ಅಂಕಿ ಬರೆದವರು ಯಾರು?" ಅಂದಳು ಟೀವಿಯ ಹುಡುಗಿ.

ಪ್ರಬುದ್ಧ ಅವಳನ್ನು ನೋಡಿದ. ಚಿಕ್ಕಂದಿನಲ್ಲಿ ಶಾಲೆಯ ಬಾಗಿಲಲ್ಲಿ ಬೆತ್ತದ ಮಾಸ್ತರನನ್ನು ಕಂಡಾಗ ಅವನ ಮುಖ ಹೀಗೇ ಆಗುತ್ತಿತ್ತು. ಶೇವಂತಾಳಿಗೆ ಗೊತ್ತಿತ್ತು. ಹೆಸರು ಹೇಳಿದರೆ ಬೀಳುವವನು ಇವನೊಬ್ಬನೇ. ವೇದಿಕೆಯ ಮೇಲಿದ್ದವರ ಬೂಟಿಗೆ ಧೂಳೂ ಹತ್ತುವುದಿಲ್ಲ. ಕೌಸಾಳ ಸೊಟ್ಟ ಕೈಯೂ ಗೊತ್ತಿತ್ತು.

"ಬರದಾಂವ ಇಂವ," ಅಂದಳು. "ಬರಿಸಿದವರು ಮ್ಯಾಲ ಕುಂತಾರ. ಬಾಯಿ ಬಿಡು ಪಬು. ನಿನ್ನ ಬಾಯಿಲೆ ಹೇಳು."

ಅವನು ಬಾಯಿ ಬಿಡಲಿಲ್ಲ. ಮೈಕು ಅವನ ಮುಖದೆದುರು ಸುಮ್ಮನೆ ನಿಂತಿತು. ಪೊಲೀಸರು ಶೇವಂತಾಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಯಾರೋ ಹೊಸ ಸೈಕಲ್ಲನ್ನು ಎತ್ತಿ ನಿಲ್ಲಿಸಿದರು. ಬ್ಯಾಂಡು ಶುರುವಾಯಿತು.

ವಿಚಾರಣೆ ನಡೆಯಿತು. ಅಂಕಿ ಬರೆಯುವಾಗ ಕೊನೆಯ ಒಂದು ಅಂಕಿ, ಆರು, ಬಿಟ್ಟುಹೋಗಿದೆ, ಕೈತಪ್ಪು ಎಂದು ವರದಿ ಬಂತು. ಕೈತಪ್ಪು ಕಿರಿಯ ಇಂಜಿನಿಯರನದು. ಪ್ರಬುದ್ಧನನ್ನು ಅಮಾನತು ಮಾಡಿದರು. ದೊಡ್ಡ ಸಾಹೇಬನಿಗೆ ಬಡ್ತಿ ಸಿಕ್ಕಿತು. ಸಲಹಾ ಕಂಪನಿಗೆ ಮುಂದಿನ ರಸ್ತೆಯ ಕೆಲಸ ಸಿಕ್ಕಿತು. ಸೇತುವೆಯಲ್ಲಿ ಏನೂ ಬದಲಾಗಲಿಲ್ಲ. ಕಟ್ಟಿ ಆಗಿಹೋಗಿದೆ ಅಂದರು.

ಪ್ರಬುದ್ಧನ ಅವ್ವ ಹೌಸಾಬಾಯಿ ವಸತಿಗೆ ಬಂದು ಶೇವಂತಾಳ ಹೊಸ್ತಿಲ ಮೇಲೆ ಮಣ್ಣು ತೂರಿದಳು. "ನಮ್ಮಾಗ ಒಬ್ಬ ಮ್ಯಾಲ ಬಂದಿದ್ದ. ನುಂಗಿದ್ಯಲ್ಲ, ನುಂಗಿದ್ಯಲ್ಲ ನನ್ನ ಮಗನ್ನ!" ಅರ್ಧ ವಸತಿ ಅವಳ ಕಡೆ ನಿಂತಿತು. ಇನ್ನರ್ಧ ಸುಮ್ಮನಿತ್ತು. ಶೇವಂತಾ ಒಳಗಿಂದ ಬಂದು, ಆ ಮಣ್ಣನ್ನು ಗುಡಿಸದೆ, ಅದರ ಮೇಲೇ ಕುಳಿತಳು. ಅವಳಿಗೆ ಅಳು ಬಂತು. ಹೌಸಾಬಾಯಿಯೂ ಅಳುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಶೇವಂತಾ ಸೈಕಲ್ ತೆಗೆದಳು. ಸೇತುವೆಯ ಹತ್ತಿರ ಗೋಡೆಯ ಕಡೆ ಹೋಗಲಿಲ್ಲ. ಬೇಲಿಯ ಸಂದಿಯಲ್ಲಿ ಸೈಕಲ್ ತೂರಿಸಿ ಬಸ್ಸಿನ ದಾರಿಗೆ ಇಳಿದಳು. ಕಾವಲುಗಾರ ಓಡಿಬಂದು ಟೈರಿನ ಗಾಳಿ ಬಿಟ್ಟ. ಅವಳು ಪಂಪು ಹೊಡೆದು ಮತ್ತೆ ಹತ್ತಿದಳು. ಮರುದಿನ ಲಾಠಿ ಬೆನ್ನಿಗೆ ಬಿತ್ತು. ಮೂರನೆಯ ದಿನ ಅವಳ ಹಿಂದೆ ಗೋಂಡ್ಯಾ ಇದ್ದ. ಮಾತಾಡಲಿಲ್ಲ, ಬಂದ. ವಾರ ಕಳೆಯುವಷ್ಟರಲ್ಲಿ ಹದಿನಾಲ್ಕು ಮಂದಿ ಇದ್ದರು.

ಸಂಜೆ ಪಾಳಿ ಬಿಟ್ಟು ಬರುವಾಗ ಹಿಂದಿನಿಂದ ಹಾರ್ನು ಬಂತು. ಹಾರ್ನು ನಿಲ್ಲಲಿಲ್ಲ. ತುಂಬಿದ ಬಸ್ಸು. ಬಾಗಿಲಲ್ಲಿ ಜೋತವರು ಕೂಗುತ್ತಿದ್ದರು. ಅವರೂ ಪಾಳಿ ಮುಗಿಸಿದವರೇ, ಅವರಿಗೂ ಮನೆಯಲ್ಲಿ ಒಲೆ ಹಚ್ಚಬೇಕಿತ್ತು. "ಏ ಮುದಿಕಿ, ಸರಿ ಅತ್ಲಾಗ! ಸಾಯಬೇಕಂದ್ರ ನಾಲಾದಾಗ ಬೀಳು!"

ಶೇವಂತಾ ತಿರುಗಿದಳು. ಚಾಲಕನ ಹಿಂದಿನ ಸೀಟಿನಲ್ಲಿ ಕೌಸಾ ಕುಳಿತಿದ್ದಳು. ಈಗ ಅವಳು ದೂರದ ಬಂಗಲೆಯೊಂದರಲ್ಲಿ ಎಡಗೈಯಲ್ಲಿ ಕಸ ಗುಡಿಸುತ್ತಿದ್ದಳು. ಗಾಜಿನಾಚೆಯಿಂದ ನೇರ ನೋಡಿದಳು. ಅವಳು ಕೂಗಲಿಲ್ಲ. ಕೂಗುವವರಿಗೆ ಬೇಡ ಅನ್ನಲೂ ಇಲ್ಲ.

ಚಾಲಕ ತಲೆ ಹೊರಗೆ ಹಾಕಿದ. "ಇದು ಬಸ್ಸಿನ ದಾರಿ, ಬಾಯೀ!"

"ನಮ್ಮನ್ನ ತೋರಿಸಿ ತಂದ ದಾರಿ," ಅಂದಳು ಶೇವಂತಾ. "ಹಿಂದ ಬಾ."

ಅವಳು ಮುಂದಕ್ಕೆ ತಿರುಗಿ ಪೆಡಲ್ ತುಳಿದಳು. ಹದಿನಾಲ್ಕು ಸೈಕಲ್ಲುಗಳು. ಹಿಂದೆ ಬಸ್ಸು. ಅದರ ಬಿಸಿ ಉಸಿರು ಅವಳ ಬೆನ್ನಿಗೆ ತಾಕುತ್ತಿತ್ತು. ಸೇತುವೆ ದಾಟುವವರೆಗೆ ಅವಳು ಪಕ್ಕಕ್ಕೆ ಸರಿಯಲಿಲ್ಲ.